ನೀಲಿ ದಾರದ ಬಾಟಲಿ

ಫೆಬ್ರವರಿ 11

ಇದ್ದಿಲಕ್ಕನಿಗೆ ನಮಸ್ಕಾರ.

ಹನ್ನೊಂದು ವರ್ಷ ಆದ ಮೇಲೆ ಈ ಹೆಸರು ಹಿಡಿದು ಕರೆಯೋಕೆ ನನಗೆ ಹಕ್ಕಿದೆಯೋ ಇಲ್ಲವೋ ಗೊತ್ತಿಲ್ಲ. ಬೇರೆ ಯಾವುದೂ ಪೆನ್ನಿಗೆ ಬರಲಿಲ್ಲ. ಉಗುರಿನ ಸಂದಿಯಲ್ಲಿ ಸದಾ ಇದ್ದಿಲ ಪುಡಿ ಇಟ್ಟುಕೊಂಡು ಓಡಾಡುತ್ತಿದ್ದ ನಿಮ್ಮನ್ನ ಲ್ಯಾಬಿನಲ್ಲಿ ಎಲ್ಲರೂ ಹಾಗೇ ಕರೀತಿದ್ದೆವಲ್ಲ. ನನಗೆ ಮೊಲ ಅಂತ ಹೆಸರಿಟ್ಟವರೂ ನೀವೇ. ಬಾಗಿಲು ಜೋರಾಗಿ ಬಿದ್ದರೆ ಬೆಚ್ಚಿಬೀಳ್ತೀನಿ ಅಂತ.

ಈಗ ಆ ಲ್ಯಾಬು ನನ್ನ ಕೈಯಲ್ಲಿದೆ. ದೊಡ್ಡ ಮೇಷ್ಟ್ರು ನಿವೃತ್ತರಾಗಿದ್ದಾರೆ, ಆದರೂ ವಾರಕ್ಕೆರಡು ಸಲ ಬಂದು ಹಳೇ ಕುರ್ಚಿಯಲ್ಲೇ ಕೂರ್ತಾರೆ. ನಿಮ್ಮ ಮೇಜು ಕಿಟಕಿ ಪಕ್ಕ ಹಾಗೇ ಇದೆ.

ವಿಷಯಕ್ಕೆ ಬರ್ತೀನಿ. ಹೋದ ತಿಂಗಳು ಬೇರೆ ದೇಶದ ಒಂದು ತಂಡ ಒಂದು ಲೇಖನ ಹಾಕಿದೆ. ಇದ್ದಿಲ ಪುಡಿಯ ಮೇಲೆ ಚಿನ್ನದ ಕಣ ಕೂರಿಸಿ, ಆಲ್ಕೀನ್ ದ್ರವದ ಜೊತೆ ಬೆರೆಸಿ, ಆಮ್ಲಜನಕ ಹಾಯಿಸಿ ಎಪಾಕ್ಸೈಡ್ ತೆಗೆದಿದ್ದಾರೆ. ಅಕ್ಕ, ಅದು ನೀವು ಮಾಡಿದ್ದೇ. ಅದೇ ಇದ್ದಿಲು, ಅದೇ ಆಲ್ಕೀನ್, ಶಾಖ ಕೂಡ ಅದೇ. ನಮ್ಮ ಲ್ಯಾಬಿನಲ್ಲಿ ಇದು ಮೊದಲೇ ಆಗಿತ್ತು ಅಂತ ನಾವೂ ಒಂದು ಲೇಖನ ಬರೆದು ತೋರಿಸೋಕೆ ನಿಮ್ಮ ಮೂರನೇ ನೋಟ್‌ಬುಕ್ ಬೇಕು. ಹೋಗುವಾಗ ಅದನ್ನ ನೀವು ತಗೊಂಡು ಹೋದಿರಿ ಅಂತ ನೆನಪು. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದರೆ ದೊಡ್ಡ ಉಪಕಾರ.

ಮೇಲ್ ಮಾಡಬಹುದಿತ್ತು. ಕೆಲವು ಮಾತು ಕಾಗದದಲ್ಲೇ ಚೆನ್ನ ಅನಿಸಿತು.

ನಿಮ್ಮ
ಮೊಲ


ಮಾರ್ಚ್ 2

ಮೊಲಕ್ಕೆ,

ಕಾಗದ ಚೆನ್ನ ಅನಿಸಿತಾ? ಮೇಲ್ ಮಾಡಿದರೆ ಸಂಸ್ಥೆಯ ಕಂಪ್ಯೂಟರಿನಲ್ಲಿ ಉಳಿದುಬಿಡುತ್ತೆ ಅನ್ನೋ ಭಯ ಅಂತ ಬರೆದಿದ್ದರೆ ನಿನ್ನ ಮೇಲೆ ಒಂದು ಗುಂಜಿ ಮರ್ಯಾದೆ ಬರ್ತಿತ್ತು. ಇರಲಿ. ನಾನು ಯಾವ ಕಾಗದವನ್ನೂ ಬಿಸಾಡೋಳಲ್ಲ, ಅದು ನಿನಗೆ ಗೊತ್ತಿರಲಿ.

"ನಮ್ಮ ಲ್ಯಾಬು" ಅಂತ ಬರೆದಿದ್ದೀಯ. ಎಷ್ಟು ಸಲೀಸಾಗಿ ಬರುತ್ತೆ ಈ "ನಮ್ಮ". ನನ್ನನ್ನ ಹೊರಗೆ ಹಾಕಿದಾಗ ಅದು ನನ್ನ ಸುಳ್ಳಾಗಿತ್ತು. ಈಗ ಯಾರೋ ನಿಜ ಅಂದ ಮೇಲೆ ನಮ್ಮದಾಯಿತು.

ನಾನು ಎಲ್ಲಿದ್ದೀನಿ ಅಂತ ನೀನು ಕೇಳಲೇ ಇಲ್ಲ. ವಿಳಾಸ ಹುಡುಕಿದೋಳಿಗೆ ಗೊತ್ತೇ ಇರುತ್ತೆ, ಆದರೂ ಹೇಳ್ತೀನಿ. ಊರಿಗೆ ನೀರು ಬಿಡೋ ಘಟಕದ ಪರೀಕ್ಷಾ ಕೋಣೆ. ದಿನಕ್ಕೆ ನಲವತ್ತು ಬಾಟಲಿ ನೀರು. ಕ್ಲೋರಿನ್ ಎಷ್ಟು, ಮಣ್ಣು ಎಷ್ಟು, ಹುಳ ಇದೆಯಾ ಇಲ್ಲವಾ. ಸ್ಟೂಲಿನ ಒಂದು ಕಾಲು ಗಿಡ್ಡ, ಕೆಳಗೆ ರಟ್ಟು ಮಡಚಿ ಇಟ್ಟಿದ್ದೀನಿ. ನಲ್ಲಿಗೆ ಬಟ್ಟೆ ಕಟ್ಟಿದ್ದೀನಿ, ಕಟ್ಟದಿದ್ದರೆ ಮೈಮೇಲೆ ಎರಚುತ್ತೆ. ಚಿನ್ನದ ಕೆಲಸ ಮಾಡಿದ ಕೈ ಈಗ ನೀರಿನ ಕೆಲಸ ಮಾಡುತ್ತೆ. ನೀರಿನ ಕೆಲಸದಲ್ಲಿ ಒಂದು ಸುಖ ಇದೆ, ನಾನು ಬರೆದ ಅಂಕಿಯನ್ನ ಯಾರೂ ಅನುಮಾನಿಸೋದಿಲ್ಲ.

ಆ ಸಮಿತಿಯ ಪರೀಕ್ಷೆ ನನಗೆ ಮರೆತಿಲ್ಲ. ನನ್ನ ಡಿಗ್ರಿಯ ಪ್ರಬಂಧ ಓದಿದ ಹೊರಗಿನ ಪರೀಕ್ಷಕ ಒಬ್ಬ ತನ್ನ ಲ್ಯಾಬಿನಲ್ಲಿ ಮಾಡಿ ನೋಡಿದ, ಏನೂ ಬರಲಿಲ್ಲ, ಈ ಹುಡುಗಿ ಅಂಕಿ ಹುಟ್ಟಿಸಿದ್ದಾಳೆ ಅಂದ. ದೊಡ್ಡ ಮೇಷ್ಟ್ರು ತಮ್ಮ ತಲೆ ಉಳಿಸಿಕೊಳ್ಳೋಕೆ ಐದು ಜನರ ಸಮಿತಿ ಕೂರಿಸಿದರು. ಸೀಲು ಒಡೆಯದ ಬಾಟಲಿ ತಂದರು, ಯಾರೂ ಏನೂ ಬೆರೆಸಿಲ್ಲ ಅಂತ ಗೊತ್ತಾಗಲಿ ಅಂತ. ನಾನು ಒಳಗೆ ಬರಬಾರದು, ಮೊಲ ಮಾಡಲಿ ಅಂದರು. ಎರಡು ದಿನ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದೆ. ಇಪ್ಪತ್ತನಾಲ್ಕು ಗಂಟೆ ಆದ ಮೇಲೆ ಸೊನ್ನೆ. ನೂರಕ್ಕೆ ಎಂಬತ್ತು ಪಾಲು ಎಪಾಕ್ಸೈಡ್ ಬರಬೇಕಾದ ಕಡೆ ಸೊನ್ನೆ.

ನಿನಗೆ ಗೊತ್ತಾ, ಆಮೇಲೆ ನಾನೇ ನನ್ನನ್ನ ನಂಬೋದು ಬಿಟ್ಟೆ. ಎರಡು ವರ್ಷದಲ್ಲಿ ಮೂವತ್ತೇಳು ಸಲ ಬಂದದ್ದು ನನ್ನ ಕಣ್ಣಿನ ಆಸೆಯೇ ಇರಬೇಕು ಅಂದುಕೊಂಡೆ. ಅಮ್ಮ ಹೋಗೋ ಮುಂಚೆ ನನ್ನ ಕೈ ಹಿಡಿದು ಕೇಳಿದಳು, "ನಿಜ ಹೇಳು, ಏನಾದ್ರೂ ತಿದ್ದಿದ್ಯಾ? ಅಷ್ಟು ಜನ ದೊಡ್ಡೋರು ಸುಮ್ಮನೆ ಹೇಳ್ತಾರಾ?" ನಾನು "ಗೊತ್ತಿಲ್ಲಮ್ಮ" ಅಂದೆ. ಹೆತ್ತವಳಿಗೆ ಇಲ್ಲ ಅಂತ ಹೇಳೋ ಧೈರ್ಯ ಕೂಡ ಉಳಿದಿರಲಿಲ್ಲ.

ನೋಟ್‌ಬುಕ್ ಇದೆ. ಕಳಿಸೋದಿಲ್ಲ. ಮೊದಲು ಆ ಲೇಖನದ ಪ್ರತಿ ಕಳಿಸು. ಅವರು ಹೇಗೆ ಮಾಡಿದರು ಅಂತ ನಾನು ಓದಬೇಕು.

ಇದ್ದಿಲಕ್ಕ


ಮಾರ್ಚ್ 20

ಪ್ರೀತಿಯ ಅಕ್ಕ,

ಲೇಖನದ ಪ್ರತಿ ಇದರ ಜೊತೆ ಇಟ್ಟಿದ್ದೀನಿ. ಅಮ್ಮನ ವಿಷಯ ಗೊತ್ತಿರಲಿಲ್ಲ. ನಿಮ್ಮ ಮನೆಗೆ ಬಂದಾಗ ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದು ಕಳಿಸಿದ್ದರು, ನೆನಪಿದೆ.

ಇಲ್ಲಿ ಸ್ವಲ್ಪ ಓಡಾಟ. ಸೆಪ್ಟೆಂಬರಿನಲ್ಲಿ ದೊಡ್ಡ ಮೇಷ್ಟ್ರಿಗೆ ಸನ್ಮಾನ ಇಟ್ಟುಕೊಂಡಿದ್ದೀವಿ, ನೆನಪಿನ ಪುಸ್ತಕವೂ ಬರ್ತಿದೆ. ಅದರಲ್ಲಿ ಈ ಚಿನ್ನದ ಕೆಲಸದ ಬಗ್ಗೆ ಒಂದು ಅಧ್ಯಾಯ ಇದ್ದರೆ ನಿಮಗೂ ನ್ಯಾಯ ಸಿಕ್ಕ ಹಾಗಾಗುತ್ತೆ ಅಂತ ನನ್ನ ಆಸೆ. ಅದಕ್ಕೇ ನೋಟ್‌ಬುಕ್ ಕೇಳಿದ್ದು, ನನಗೋಸ್ಕರ ಅಲ್ಲ.

ಕೋಪ ಮಾಡಿಕೊಳ್ಳಬೇಡಿ. ನಿಮ್ಮ ಮೇಜಿನ ಡ್ರಾಯರಿನಲ್ಲಿ ನೀಲಿ ದಾರದ ಉಂಡೆ ಇನ್ನೂ ಇದೆ, ಯಾರಿಗೂ ಎಸೆಯೋಕೆ ಬಿಟ್ಟಿಲ್ಲ.

ನಿಮ್ಮ
ಮೊಲ


ಏಪ್ರಿಲ್ 6

ಮೊಲಕ್ಕೆ,

ಲೇಖನ ಏಳು ಸಲ ಓದಿದೆ. ಮೊದಲ ಆರು ಸಲ ಅಂಕಿಗಳನ್ನೇ ನೋಡಿದೆ. ಹಳೇ ಪರಿಚಯದವರನ್ನ ಬೀದಿಯಲ್ಲಿ ಕಂಡ ಹಾಗಾಯಿತು. ಹೊಳೆಯೋದೆಲ್ಲ ಚಿನ್ನ ಅಲ್ಲ ಅಂತಾರೆ, ನಮ್ಮ ಚಿನ್ನ ಹೊಳೀತಾನೇ ಇರಲಿಲ್ಲ. ಬಳೆಯಲ್ಲಿ ಕೂತ ಚಿನ್ನ ಶುದ್ಧ ಸೋಮಾರಿ. ಕಣ್ಣಿಗೆ ಕಾಣದಷ್ಟು ಸಣ್ಣ ಮಾಡಿ ಇದ್ದಿಲ ಮೇಲೆ ಚದುರಿಸಿದರೆ ಮಾತ್ರ ದುಡಿಯೋಕೆ ನಿಲ್ಲುತ್ತೆ. ಆಲ್ಕೀನಿನ ಜೋಡಿ ಕೊಂಡಿ ಹುಡುಕಿ ಒಂದೇ ಒಂದು ಆಮ್ಲಜನಕ ಕೂರಿಸಿ, ಉಳಿದದ್ದನ್ನ ಸುಡದೆ ಬಿಡುತ್ತೆ. ಸುಡೋದು ಯಾರು ಬೇಕಾದರೂ ಮಾಡ್ತಾರೆ. ಬೇಕಾದಷ್ಟೇ ಮಾಡಿ ನಿಲ್ಲಿಸೋದು ಕಷ್ಟ.

ಏಳನೇ ಸಲ ವಿಧಾನದ ಭಾಗ ಓದಿದೆ. ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ. ಬಾಟಲಿಯಲ್ಲಿ ಬರೋ ಆಲ್ಕೀನ್ ಕೆಡದೇ ಇರಲಿ ಅಂತ ಕಂಪನಿಯವರು ಒಂದು ರಕ್ಷಕ ಪದಾರ್ಥ ಹಾಕಿರ್ತಾರೆ, ಅದು ಚಿಟಿಕೆ ಉಳಿದರೂ ಕ್ರಿಯೆ ಶುರುವಾಗೋದೇ ಇಲ್ಲ, ಆದ್ದರಿಂದ ಅದೇ ಬೆಳಿಗ್ಗೆ ಬಟ್ಟಿ ಇಳಿಸಿ ಬಳಸಬೇಕು ಅಂತ.

ನಾನು ಓದಿ ಅಲ್ಲೇ ಕೂತುಬಿಟ್ಟೆ. ಬಟ್ಟಿ ಇಳಿಸೋದು ನಮ್ಮ ದಿನದ ಕೆಲಸ ಆಗಿತ್ತಲ್ಲೇ. ಕಾಲೇಜಿನಲ್ಲಿ ನನ್ನ ಹಳೇ ಗುರುಗಳು ನನಗೆ ಕಲಿಸಿದ್ದರು, ನಾನು ನಿನಗೆ ಕಲಿಸಿದೆ, ಯಾಕೆ ಅಂತ ಇಬ್ಬರೂ ಕೇಳಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ನೀನು ಬಂದು ಇಳಿಸಿ, ಬಾಟಲಿಯ ಕತ್ತಿಗೆ ನೀಲಿ ದಾರ ಕಟ್ಟಿ ನನ್ನ ಮೇಜಿನ ಮೇಲೆ ಇಡ್ತಿದ್ದೆ. ಇವರು ಬಟ್ಟಿ ಇಳಿಸೋರು ಅಂತ ವಾಚ್‌ಮನ್ ನಗ್ತಿದ್ದ. ದಾರ ಇಲ್ಲದ ಬಾಟಲಿ ನಾನು ಮುಟ್ಟುತ್ತಿರಲಿಲ್ಲ. ಆದರೆ ನೋಟ್‌ಬುಕ್ಕಿನಲ್ಲಿ ಎಲ್ಲೂ ಬರೆದಿಲ್ಲ. ಅಡುಗೆ ಮಾಡೋಳು ಪಾತ್ರೆ ತೊಳೆದೆ ಅಂತ ಬರೆದಿಡ್ತಾಳಾ? ಹಾಗೆ ಅಂದುಕೊಂಡೆ. ಆ ಹೊರಗಿನ ಪರೀಕ್ಷಕನಿಗೆ ಯಾಕೆ ಬರಲಿಲ್ಲ ಅಂತ ಈಗ ಗೊತ್ತಾಯಿತು. ಅದು ನನ್ನ ತಪ್ಪು.

ಆದರೆ ಸಮಿತಿಯ ದಿನ ಮಾಡಿದ್ದು ನೀನು. ಮಧ್ಯಾಹ್ನ ನೀರು ಕುಡಿಯೋಕೆ ಕಾರಿಡಾರಿಗೆ ಬಂದಾಗ ನಾನು ನಿನ್ನ ತೋಳು ಹಿಡಿದು ಕೇಳಿದೆ, "ಇಳಿಸಿದ್ಯಾ?" ನೀನು "ಹೂಂ" ಅಂದೆ. ಆ ಒಂದು ಮಾತಿನ ಮೇಲೆ ನಾನು ಸುಮ್ಮನಾದೆ. ಇಳಿಸಿದ ಮೇಲೂ ಬರಲಿಲ್ಲ ಅಂದರೆ ಸುಳ್ಳು ನನ್ನದೇ ಅಂತ ಒಪ್ಪಿಕೊಂಡೆ.

ಈ ಕವರಿನಲ್ಲಿ ಸಣ್ಣ ಸೀಸೆ ಇದೆ. ನಾನೇ ಮಾಡಿದ ಕಪ್ಪು ಪುಡಿ, ಅರ್ಧ ಗ್ರಾಂ. ಹನ್ನೊಂದು ವರ್ಷ ಬೀರುವಿನಲ್ಲಿ ಕತ್ತಲಲ್ಲಿ ಇಟ್ಟಿದ್ದೆ. ಯಾಕೆ ಇಟ್ಟುಕೊಂಡಿದ್ದೆ ಅಂತ ಕೇಳಬೇಡ. ಎರಡು ಸಲ ಮಾಡು. ಒಂದು ಸೀಲು ಒಡೆದ ಬಾಟಲಿಯಿಂದ ನೇರವಾಗಿ, ಇನ್ನೊಂದು ಬಟ್ಟಿ ಇಳಿಸಿ. ಎರಡರ ಗ್ರಾಫನ್ನೂ ಕಳಿಸು. ಆಮೇಲೆ ನನ್ನ ಪ್ರಶ್ನೆಗೆ ಇನ್ನೊಂದು ಸಲ ಉತ್ತರ ಕೊಡು.

ಅವತ್ತು ಇಳಿಸಿದ್ಯಾ?

ಇದ್ದಿಲಕ್ಕ


ಜೂನ್ 14

ಅಕ್ಕ,

ತಡವಾಯಿತು. ಪ್ರಯೋಗಕ್ಕೆ ನಾಲ್ಕು ದಿನ ಸಾಕಾಯಿತು, ಉಳಿದ ಎರಡು ತಿಂಗಳು ಈ ಪತ್ರಕ್ಕೆ ಹಿಡಿಯಿತು.

ಎರಡು ಗ್ರಾಫೂ ಇಟ್ಟಿದ್ದೀನಿ. ಮೊದಲನೆಯದು ಬಾಟಲಿಯಿಂದ ನೇರವಾಗಿ. ಗೆರೆ ನೆಲ ಬಿಟ್ಟು ಏಳಲೇ ಇಲ್ಲ. ಎರಡನೆಯದು ಬಟ್ಟಿ ಇಳಿಸಿದ್ದು. ಯಂತ್ರದಲ್ಲಿ ಎಪಾಕ್ಸೈಡ್ ಕಾಣಿಸಿಕೊಳ್ಳೋ ಹದಿಮೂರನೇ ನಿಮಿಷದಲ್ಲಿ ಎದ್ದು ನಿಂತಿದೆ ನೋಡಿ. ನೂರಕ್ಕೆ ಎಪ್ಪತ್ತೊಂದು. ಪುಡಿಗೂ ವಯಸ್ಸಾಗಿದೆ, ಅದಕ್ಕೆ ಎಂಬತ್ತು ಬಂದಿಲ್ಲ.

ನಿಮ್ಮ ಅಂಕಿಗಳೆಲ್ಲ ನಿಜ ಅಕ್ಕ. ಮೂವತ್ತೇಳೂ ನಿಜ.

ಅವತ್ತು ನಾನು ಇಳಿಸಲಿಲ್ಲ. ಬೆಳಿಗ್ಗೆ ಮೇಷ್ಟ್ರು ಕೋಣೆಗೆ ಕರೆದು, ನೋಟ್‌ಬುಕ್ಕಿನಲ್ಲಿ ಇರೋದನ್ನ ಮಾತ್ರ ಮಾಡು, ಇಲ್ಲದ್ದು ಒಂದು ಮಾಡಿದರೂ ನೀನೂ ಅವಳ ಜೊತೆ ಸೇರಿಕೊಂಡಿದ್ದೀಯ ಅಂತ ತಿಳೀತೀನಿ ಅಂದರು. ಐದು ಜನ ಸುತ್ತ ನಿಂತಿದ್ದರು. ನಾನು ಸೀಲು ಒಡೆದು ಹಾಗೇ ಸುರಿದೆ. ಒಂದು ದಿನ ಇಳಿಸದೇ ಇದ್ದರೆ ಏನಾಗುತ್ತೆ, ಎಪ್ಪತ್ತು ಬರಬಹುದು ಅಂದುಕೊಂಡೆ. ನೀವು ಕೇಳಿದಾಗ ಆ ಐದು ಜನರಲ್ಲಿ ಇಬ್ಬರು ನನ್ನ ಹಿಂದೆಯೇ ನಿಂತಿದ್ದರು. ಬಾಯಿಗೆ ಬಂದದ್ದು ಹೂಂ. ನನಗೆ ಇಪ್ಪತ್ತಮೂರು ವರ್ಷ, ಅಪ್ಪನಿಗೆ ಕೆಲಸ ಹೋಗಿತ್ತು, ಫೆಲೋಶಿಪ್ಪಿನಲ್ಲಿ ಮನೆ ನಡೀತಿತ್ತು. ಇದನ್ನ ನೆಪ ಅಂತ ಬರೀತಿಲ್ಲ. ನೆಪವೇ ಇರಬಹುದು.

ಇಷ್ಟು ವರ್ಷ ಇದನ್ನ ಯಾರ ಹತ್ತಿರವೂ ಹೇಳಿಲ್ಲ, ಗಂಡನ ಹತ್ತಿರವೂ ಇಲ್ಲ.

ಮೊಲ


ಜೂನ್ 22

ಮೊಲಕ್ಕೆ,

ಬಟ್ಟಿ ಇಳಿಸದೇ ಇದ್ದದ್ದಕ್ಕೇ ಸೊನ್ನೆ ಬಂತು ಅಂತ ನಿನಗೆ ಯಾವಾಗ ಗೊತ್ತಾಯಿತು? ಈ ಜೂನಿನಲ್ಲಿ ಅಂತ ಮಾತ್ರ ಬರೀಬೇಡ. ಜನವರಿಯಲ್ಲೇ ಆ ಲೇಖನ ಬಂತು ಅಂದೆ, ಅದರಲ್ಲಿ ಆ ಸಾಲು ಇತ್ತು, ಪ್ರತಿ ಕಳಿಸುವಾಗ ಅದರ ಬಗ್ಗೆ ನೀನು ಉಸಿರೇ ಎತ್ತಲಿಲ್ಲ. ತಿಂಗಳು, ದಿನ ಹೇಳು.

ಇದ್ದಿಲಕ್ಕ


ಜುಲೈ 9

ಅಕ್ಕ,

ಮೂರು ವಾರಕ್ಕೆ.

ಪರೀಕ್ಷೆ ಆಗಿ ಮೂರು ವಾರಕ್ಕೆ ಗೊತ್ತಾಯಿತು. ನಿಮ್ಮ ಪುಡಿ ಸ್ವಲ್ಪ ಉಳಿದಿತ್ತು. ಒಂದು ಭಾನುವಾರ ಯಾರೂ ಇಲ್ಲದಾಗ ಬಟ್ಟಿ ಇಳಿಸಿ ಮಾಡಿದೆ. ಎಪ್ಪತ್ತೊಂಬತ್ತು ಬಂತು. ಗ್ರಾಫನ್ನ ಮಡಚಿ ಚೀಲಕ್ಕೆ ಹಾಕಿಕೊಂಡೆ. ಸೋಮವಾರ ಮೇಷ್ಟ್ರಿಗೆ ತೋರಿಸೋಣ ಅಂತ ಹೋದೆ. ಅವರು ನಾನು ಬಾಯಿ ತೆಗೆಯೋ ಮುಂಚೆ, ಕಿಟಕಿ ಪಕ್ಕದ ಮೇಜು ಖಾಲಿ ಇದೆ, ನೀನು ಕೂತುಕೋ ಅಂದರು. ಕೂತೆ.

ಮೊಲ


ಆಗಸ್ಟ್ 3

ಮೊಲಕ್ಕೆ,

ಸಮಿತಿ ಪರೀಕ್ಷೆ ಮುಗಿದ ದಿನವೇ ಕೊಟ್ಟ ತೀರ್ಮಾನದ ಮೇಲೆ ಮನವಿ ಕೊಡೋಕೆ ಮೂವತ್ತು ದಿನ ಇತ್ತು. ಮೂರು ವಾರ ಅಂದರೆ ಇಪ್ಪತ್ತೊಂದು. ಇನ್ನೂ ಒಂಬತ್ತು ದಿನ ಕೈಯಲ್ಲಿತ್ತು. ಆ ಒಂಬತ್ತು ದಿನ ನಾನು ಏನು ಮಾಡ್ತಿದ್ದೆ ಗೊತ್ತಾ? ಹಾಸ್ಟೆಲಿನ ಕೋಣೆಯಲ್ಲಿ ಕೂತು ಮನವಿಯ ಮೊದಲ ಸಾಲು ಬರೆದು ಬರೆದು ಹರೀತಿದ್ದೆ. ನನ್ನ ಮೇಲೆ ನನಗೇ ನಂಬಿಕೆ ಇಲ್ಲದೇ ಎರಡನೇ ಸಾಲು ಬರೆಯೋಕೆ ಆಗಲಿಲ್ಲ. ನೀನು ಎರಡು ಮಹಡಿ ಕೆಳಗಿನ ಕೋಣೆಯಲ್ಲಿ ಇದ್ದೆ. ಊಟಕ್ಕೆ ಬರ್ತೀರಾ ಅಕ್ಕ ಅಂತ ದಿನಾ ಬಾಗಿಲು ತಟ್ಟುತ್ತಿದ್ದೆ. ಚೀಲದಲ್ಲಿ ಗ್ರಾಫು ಇಟ್ಟುಕೊಂಡು ಬಾಗಿಲು ತಟ್ಟುತ್ತಿದ್ದೆ.

ಹೂಂ ಅಂದದ್ದನ್ನ ಕ್ಷಮಿಸಬಹುದಿತ್ತು. ಹೆದರಿದವರ ಬಾಯಲ್ಲಿ ಏನೋ ಒಂದು ಬರುತ್ತೆ. ಆ ಒಂಬತ್ತು ದಿನ ಹೆದರಿಕೆ ಅಲ್ಲ. ಅದು ಕಿಟಕಿ ಪಕ್ಕದ ಮೇಜು.

ನಿನ್ನ ಎರಡನೇ ಗ್ರಾಫನ್ನ ಇಲ್ಲಿ ಸಿಂಕಿನ ಮೇಲಿನ ಗೋಡೆಗೆ ಅಂಟಿಸಿದ್ದೀನಿ. ಬಂದ ದಿನ ಅದನ್ನ ನೋಡಿ ನಲ್ಲಿ ಬಿಟ್ಟುಕೊಂಡು ಅತ್ತೆ. ಪಕ್ಕದ ಕೋಣೆಯ ಗುಮಾಸ್ತೆ ಯಾರು ಹೋದರು ಅಂತ ಕೇಳೋಕೆ ಬಂದಳು. ಯಾರೂ ಹೋಗಿಲ್ಲ, ಒಬ್ಬಳು ವಾಪಸ್ ಬಂದಳು ಅಂದೆ. ಅವಳಿಗೆ ಅರ್ಥ ಆಗಲಿಲ್ಲ, ಒಂದು ಲೋಟ ಕಾಫಿ ತಂದಿಟ್ಟು ಹೋದಳು.

ಈಗ ನನಗೆ ಬೇಕಾದ್ದು ಕೇಳು. ನಿನ್ನ ಪುಸ್ತಕದ ಅಧ್ಯಾಯ ಬೇಡ, ಲೇಖನದ ಕೊನೆಯಲ್ಲಿ ಧನ್ಯವಾದವೂ ಬೇಡ. ಸಮಿತಿಗೆ ಮೂರು ಸಾಲು ಬರೆ. ನಾನು ಅವತ್ತು ಆಲ್ಕೀನನ್ನ ಬಟ್ಟಿ ಇಳಿಸಲಿಲ್ಲ. ನಾನು ಇಳಿಸಿದೆ ಅಂತ ಸುಳ್ಳು ಹೇಳಿದೆ. ನಾನು ಮೂರು ವಾರದ ಮೇಲೆ ಮತ್ತೆ ಮಾಡಿದಾಗ ಎಪ್ಪತ್ತೊಂಬತ್ತು ಬಂತು, ಯಾರಿಗೂ ಹೇಳಲಿಲ್ಲ. ಅಷ್ಟೇ. ಕೆಳಗೆ ಸಹಿ. ನನ್ನ ಹೆಸರಿನ ಮುಂದೆ ಅವರು ಬರೆದ "ವಂಚನೆ" ಅನ್ನೋ ಪದ ಹೊಡೆದು ಹಾಕಲಿ. ಡಿಗ್ರಿ ಕೊಡದಿದ್ದರೂ ಪರವಾಗಿಲ್ಲ.

ಅದು ಆದ ದಿನ ನೋಟ್‌ಬುಕ್ ಕಳಿಸ್ತೀನಿ.

ಇದ್ದಿಲಕ್ಕ


ಅಕ್ಟೋಬರ್ 18

ಪ್ರೀತಿಯ ಅಕ್ಕ,

ಮೇಷ್ಟ್ರ ಸನ್ಮಾನ ಮುಗಿಯಲಿ ಅಂತ ಕಾದೆ. ಅವರಿಗೆ ಈಗ ಆರೋಗ್ಯ ಸರಿಯಿಲ್ಲ, ವೇದಿಕೆಗೆ ಇಬ್ಬರು ಹಿಡಿದುಕೊಂಡು ಹತ್ತಿಸಬೇಕಾಯಿತು. ಆ ಸಮಯದಲ್ಲಿ ಇದನ್ನ ಎಬ್ಬಿಸೋಕೆ ಮನಸ್ಸಾಗಲಿಲ್ಲ.

ಆದರೆ ಮಾತು ಉಳಿಸಿಕೊಂಡಿದ್ದೀನಿ. ಸಮಿತಿಗೆ ಬರೆದ ಪತ್ರದ ನಕಲೂ ಅವರ ಉತ್ತರವೂ ಇದರಲ್ಲಿವೆ. ನೀವು ಕೊಟ್ಟ ಮೂರು ಸಾಲನ್ನ ಹಾಗೇ ಹಾಕೋಕೆ ಆಗಲಿಲ್ಲ ಅಕ್ಕ. ಸಂಸ್ಥೆಯ ಪತ್ರಕ್ಕೆ ಒಂದು ಭಾಷೆ ಇರುತ್ತೆ, ವಕೀಲರಿಗೂ ತೋರಿಸಬೇಕಾಯಿತು. ನನ್ನ ಕೈಕೆಳಗೆ ಆರು ಜನ ಕೆಲಸ ಮಾಡ್ತಿದ್ದಾರೆ, ನಾನು ಮುಳುಗಿದರೆ ಅವರೂ ಮುಳುಗ್ತಾರೆ. ಆದರೂ ವಿಷಯ ಬಂದಿದೆ. ಅವರು ಹತ್ತು ವರ್ಷ ದಾಟಿದ ಕಡತ ಮತ್ತೆ ತೆರೆಯೋಕೆ ನಿಯಮದಲ್ಲಿ ಅವಕಾಶ ಇಲ್ಲ ಅಂದುಬಿಟ್ಟರು. ನನ್ನ ಕೈಯಲ್ಲಿ ಇದ್ದದ್ದು ಇಷ್ಟು.

ನಮ್ಮ ಲೇಖನ ಹೋದ ವಾರ ಕಳಿಸಿದೆವು. ನಿಮ್ಮ ಹೆಸರು ಕೊನೆಯಲ್ಲಿ ಧನ್ಯವಾದದಲ್ಲಿ ಇದೆ. ಬೇಡ ಅಂದಿದ್ದಿರಿ, ಆದರೂ ಹಾಕಿದೆ, ಹಾಕದೇ ಇರೋಕೆ ಮನಸ್ಸು ಒಪ್ಪಲಿಲ್ಲ. ನೋಟ್‌ಬುಕ್ ಈಗಲೂ ಕಳಿಸಿದರೆ ಸಮಯಕ್ಕಾಗುತ್ತೆ.

ಒಂದೇ ಒಂದು ಕೇಳ್ತೀನಿ. ಜೂನಿನಲ್ಲಿ, ಜುಲೈನಲ್ಲಿ ನಾನು ಬರೆದ ಎರಡು ಪತ್ರ ಮನಸ್ಸು ಬಿಚ್ಚಿ ಬರೆದದ್ದು. ಅವು ಬೇರೆಯವರ ಕೈಗೆ ಸಿಕ್ಕರೆ ನನ್ನ ಕೆಲಸ ಹೋಗುತ್ತೆ, ಮನೆಯಲ್ಲಿ ಮುಖ ತೋರಿಸೋಕಾಗಲ್ಲ. ದಯವಿಟ್ಟು ಅವೆರಡನ್ನೂ ಹರಿದು ಹಾಕಿ. ಹರಿದು ಹಾಕಿದಿರಾ ಅಂತ ಒಂದು ಮಾತು ಬರೆದರೆ ಸಾಕು, ನೆಮ್ಮದಿಯಾಗಿ ಇರ್ತೀನಿ.

ಯಾವತ್ತೂ ನಿಮ್ಮ
ಮೊಲ


ನವೆಂಬರ್ 5

ಮೊಲಕ್ಕೆ,

ನಿನ್ನ ಪತ್ರ, ಸಮಿತಿಗೆ ಬರೆದ ಒಂದೂವರೆ ಪುಟ, ಅವರ ಎರಡು ಸಾಲು, ಮೂರೂ ಬಂದವು.

"ಅಂದಿನ ಕಾರ್ಯವಿಧಾನದಲ್ಲಿ ಸಣ್ಣ ವ್ಯತ್ಯಾಸ ಉಂಟಾಗಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ." ಇದನ್ನ ಗುಮಾಸ್ತೆಗೆ ಓದಿ ಹೇಳಿದೆ. ಯಾರು ಏನು ಮಾಡಿದರು ಅಂತ ಕೇಳಿದಳು. ಯಾರೂ ಏನೂ ಮಾಡಲಿಲ್ಲ, ಬಾಟಲಿ ತಾನೇ ಬಗ್ಗಿ ಸುರಿದುಕೊಂಡಿತಂತೆ ಅಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಷ್ಟು ಹುಷಾರಾಗಿ ಹೊಡೆದಿದ್ದೀಯ. ಅಂಥ ಪತ್ರಕ್ಕೆ ಅಂಥದ್ದೇ ಉತ್ತರ ಬರುತ್ತೆ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನೀನು ಅದನ್ನೂ ಪೂರ್ತಿ ಹಾಕಲಿಲ್ಲ, ಒರಗಿಸಿ ಬಂದೆ.

ನೋಟ್‌ಬುಕ್ ಬರೋದಿಲ್ಲ. ಹೋದ ಭಾನುವಾರ ಅದನ್ನ ತೆಗೆದು ಮೊದಲ ಪ್ರಯೋಗದ ಪುಟದ ಅಂಚಿನಲ್ಲಿ ಒಂದು ಸಾಲು ಸೇರಿಸಿದೆ. "ಪ್ರತಿ ಸಲವೂ ಆಲ್ಕೀನ್ ಅದೇ ಬೆಳಿಗ್ಗೆ ಬಟ್ಟಿ ಇಳಿಸಿದ್ದು. ಇದನ್ನು ಬರೆಯದೇ ಬಿಟ್ಟದ್ದು ನನ್ನ ತಪ್ಪು." ಕೆಳಗೆ ಸಹಿ ಹಾಕಿ, ಹಳೇದಲ್ಲ, ಬರೆದ ದಿನದ್ದೇ ತಾರೀಖು ಹಾಕಿದೆ. ನನ್ನ ಪಾಲಿನದು ಬರೆಯೋಕೆ ಎರಡು ನಿಮಿಷ ಹಿಡಿಯಿತು. ವಕೀಲರು ಬೇಕಾಗಲಿಲ್ಲ.

ಅಮ್ಮನಿಗೆ ಹೇಳೋಕೆ ಆಗಲಿಲ್ಲ ಅನ್ನೋದೊಂದೇ ಈಗ ಉಳಿದಿರೋದು. ಗೋಡೆ ಮೇಲಿನ ಗ್ರಾಫನ್ನ ದಿನಾ ನೋಡ್ತೀನಿ, ನೋಡಿ ನಲವತ್ತು ಬಾಟಲಿ ನೀರು ಪರೀಕ್ಷೆ ಮಾಡ್ತೀನಿ. ನಾನು ಸುಳ್ಳಿ ಅಲ್ಲ ಅಂತ ನನಗೆ ಗೊತ್ತಾಯಿತು, ನಿನಗೆ ಮೊದಲಿಂದ ಗೊತ್ತಿತ್ತು. ಇನ್ನು ಮೂರನೆಯವರಿಗೆ ಗೊತ್ತಾಗಬೇಕೋ ಬೇಡವೋ ಅನ್ನೋದನ್ನ ನಾನು ಯೋಚಿಸ್ತೀನಿ, ನೀನು ಕಾಯಿ.

ಕೊನೆಗೆ ನಿನ್ನ ಪ್ರಶ್ನೆ. ಪತ್ರ ಎರಡನ್ನೂ ಹರಿದು ಹಾಕಿದಿರಾ ಅಂತ ಕೇಳಿದ್ದೀಯ.

ಹೂಂ.

ನಿನ್ನ ಮಾತನ್ನ ನಾನು ಹನ್ನೊಂದು ವರ್ಷ ನಂಬಿದೆ. ಈಗ ನೀನು ನಂಬು.

ಇದ್ದಿಲಕ್ಕ